ಬೆಳಕಿಂಡಿಯ ಕೆಳಗೆ: ಮನೆಮಂದಿಯ ಫೋಟೊ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರು. ಪಾಲಕರ ಸಭೆಗೆ ಬಂದವರು ಮಕ್ಕಳ ಮಾರ್ಕ್ಸಿನ ಮಾತು ಮುಗಿಸಿ, ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಫೋನಿನಲ್ಲಿರುವ ಫೋಟೊಗಳ ವಿಷಯ ತೆಗೆಯುತ್ತಾರೆ. “ಅಕ್ಕೋರೆ, ನಿಮ್ಮ ಮನಿ ಮಂದಿ ಹ್ಯಾಂಗ ಇಷ್ಟು ಛಂದ ಬರ್ತಾರ? ನಮ್ಮವೆಲ್ಲಾ ಆಧಾರ್ ಕಾರ್ಡಿನ ಫೋಟೊ ಆಗ್ತಾವ ನೋಡ್ರಿ.” ಒಬ್ಬೊಬ್ಬರಿಗೂ ನಿಂತಲ್ಲೇ ಹೇಳಿ ಹೇಳಿ ಸಾಕಾಗಿ, ಹೆಚ್ಚು ಸಲ ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಮದುವೆ, ಸೀಮಂತ, ಬರ್ತ್‌ಡೇ ಫೋಟೊ ಹೇಗೆ ತೆಗೆಯಬೇಕು ಎನ್ನುವವರಿಗೆ ಇಲ್ಲಿ ಉತ್ತರವಿಲ್ಲ. ಅದಕ್ಕೆ ಊರ ತುಂಬ ಫೋಟೊಗ್ರಾಫರುಗಳಿದ್ದಾರೆ. ಇದು ಯಾರೂ ಹೊಸ ಬಟ್ಟೆ ಉಡದ, ಬರೀ ಮಂಗಳವಾರವಾಗಿರುವ ಮಂಗಳವಾರದ ಫೋಟೊಗಳ ಮಾತು.

ಯಾವ ಕ್ಯಾಮೆರಾ ತಗೋಬೇಕು?

ಕೈಯಲ್ಲಿರುವ ಫೋನೇ ಸಾಕು. ದುಡ್ಡು ಖರ್ಚು ಮಾಡುವ ಮುನ್ನ ಅದರ ಹಿಂದಿನ ಸಣ್ಣ ಗಾಜನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. “ನನ್ನ ಫೋನಿನ್ಯಾಗ ಎಲ್ಲಾ ಮಂಜು ಮಂಜು ಬರ್ತದ” ಎಂದು ಬಂದವರಲ್ಲಿ ಅರ್ಧಕ್ಕರ್ಧ ಮಂದಿಯ ರೋಗ ಒಗ್ಗರಣೆಯ ಜಿಡ್ಡು. ಎರಡು ಬೆರಳಿನಲ್ಲಿ ಎಳೆದು ಜೂಮ್ ಮಾಡಬೇಡಿ. ಅಗ್ಗದ ಫೋನುಗಳಲ್ಲಿ ಅದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು, ಅಷ್ಟೇ. ಎರಡು ಹೆಜ್ಜೆ ಮುಂದೆ ಹೋಗಿ.

ಕ್ಯಾಮೆರಾ ಕೊಳ್ಳಲೇಬೇಕು ಎಂಬ ಹಟವಿದ್ದರೆ ಸೆಕೆಂಡ್ ಹ್ಯಾಂಡ್ ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ) ಮತ್ತು 50 ಮಿ.ಮೀ.ನ ಎಫ್ 1.8 ಲೆನ್ಸ್ ಒಂದು ನೋಡಿ. ಕಂಪನಿಗಳು ಮಾರುವ ಲೆನ್ಸುಗಳಲ್ಲಿ ಅಗ್ಗದವುಗಳಲ್ಲಿ ಅದೂ ಒಂದು, ಕಡಿಮೆ ಬೆಳಕಿನಲ್ಲೂ ಕೆಲಸ ಮಾಡುತ್ತದೆ.

ನಮ್ಮ ಮನೆ ಸಣ್ಣದು, ಒಳಗೆ ಕತ್ತಲೆ. ಅಲ್ಲೇನು ಫೋಟೊ ಬರುತ್ತದೆ?

ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪ್ರಶ್ನೆ ಇದು, ಮತ್ತು ನನಗೆ ಗೊತ್ತಿರುವುದೂ ಬಹುಮಟ್ಟಿಗೆ ಇದರ ಉತ್ತರವೇ. ಕತ್ತಲೆ ಮನೆ ಫೋಟೊಕ್ಕೆ ಛಲೋ ಮನೆ. ನಾಲ್ಕೂ ಕಡೆಯಿಂದ ಬೆಳಕು ತುಂಬಿದ ಹಾಲಿನಲ್ಲಿ ಮುಖ ಲಟ್ಟಿಸಿದ ಚಪಾತಿಯ ಹಾಗೆ ಚಪ್ಪಟೆ ಕಾಣುತ್ತದೆ. ಒಂದೇ ಕಡೆಯಿಂದ ಬೆಳಕು ಬಂದರೆ ಮೂಗಿಗೆ ಒಂದು ನೆರಳು, ಕೆನ್ನೆಗೆ ಒಂದು ಏರು, ಕಣ್ಣಿನಲ್ಲಿ ಒಂದು ಚುಕ್ಕಿ ಹೊಳಪು ಬರುತ್ತದೆ. ನಾನು ಮಕ್ಕಳಿಗೆ ಪೆನ್ಸಿಲ್ಲಿನಲ್ಲಿ ಮಾಡಿಸುವ ಶೇಡಿಂಗನ್ನು ಕಿಟಕಿ ಪುಕ್ಕಟೆ ಮಾಡಿಕೊಡುತ್ತದೆ.

ನನ್ನ ಆಯಿಯ (ಅಜ್ಜಿಯ) ಮನೆ ಸೇಡಂ ಕಡೆಯ ಒಂದು ಹಳ್ಳಿಯಲ್ಲಿದೆ. ಗೋಡೆ, ನೆಲ, ಮೇಲೆ ಹೊದಿಸಿದ ಪರ್ಸಿ (ಚಪ್ಪಡಿ), ಎಲ್ಲವೂ ಶಹಾಬಾದ್ ಕಲ್ಲು. ಅಡುಗೆ ಮನೆಗೆ ಕಿಟಕಿಯೇ ಇಲ್ಲ. ಹೊಗೆ ಹೋಗಲೆಂದು ಮಾಳಿಗೆಯಲ್ಲಿ ಗೇಣುದ್ದ ಗೇಣಗಲದ ಒಂದು ಬೆಳಕಿಂಡಿ ಬಿಟ್ಟಿದ್ದಾರೆ. ಬೆಳಗ್ಗೆ ಬಿಸಿಲು ಅದರೊಳಗಿಂದ ಕೋಲಿನ ಹಾಗೆ ಇಳಿದು ಮೊದಲು ಪಡುವಣ ಗೋಡೆಗೆ ಬೀಳುತ್ತದೆ, ಆಮೇಲೆ ಗೋಡೆ ಇಳಿದು ನೀರಿನ ಕೊಡಕ್ಕೆ ಬರುತ್ತದೆ, ಹತ್ತೂವರೆ ಹೊತ್ತಿಗೆ ರೊಟ್ಟಿ ಬಡಿಯುವ ಕಲ್ಲನ್ನು ಮುಟ್ಟುತ್ತದೆ. ಅಲ್ಲಿ ಅದು ನಿಲ್ಲುವುದು ಕಾಲು ತಾಸು, ಹೆಚ್ಚೆಂದರೆ. ಅದರೊಳಗೆ ಆಯಿ ಹಿಟ್ಟು ಉದುರಿಸಿದರೆ ಅದು ಗಾಳಿಯಲ್ಲಿ ಬೆಳ್ಳಗೆ ಮೇಲೇಳುವುದು ಕಣ್ಣಿಗೆ ಕಾಣುತ್ತದೆ. ಹಿಂದೆ ಮಸಿ ಹಿಡಿದ ಕರಿ ಗೋಡೆ ಇರುವುದರಿಂದ ಒಂದೊಂದು ಕಣವೂ ಬೇರೆ ಬೇರೆ. ಮೂರು ದಿನ ಆ ಕಾಲು ತಾಸಿಗಾಗಿ ಕಾದಿದ್ದೇನೆ. ಮೊದಲ ದಿನ ಆಯಿಯ ರೊಟ್ಟಿ ಹತ್ತಕ್ಕೇ ಮುಗಿದಿತ್ತು. ಎರಡನೆಯ ದಿನ ಮೋಡ. ಮೂರನೆಯ ದಿನ ಎಲ್ಲ ಕೂಡಿಬಂದಾಗ ಆಯಿ ಕೇಳಿದ್ದು: “ಏನ್ ಹಚ್ಚೀದಿ ಯವ್ವಾ ಇದು, ಒಂದು ರೊಟ್ಟಿ ಆದ್ರ ತಿನ್ನು, ಇಲ್ಲಾಂದ್ರ ಸರಿ ಅತ್ತಾಗ.”

ನಿಮ್ಮ ಮನೆಯಲ್ಲಿ ಬೆಳಕಿಂಡಿ ಇಲ್ಲದಿದ್ದರೂ ಅದರ ಕೆಲಸ ಮಾಡುವ ಒಂದು ಜಾಗ ಇದ್ದೇ ಇರುತ್ತದೆ: ಬಾಗಿಲ ಸಂದು, ಬಚ್ಚಲ ಮೇಲಿನ ಜಾಳಿಗೆ, ಜಿನೆದ (ಮೆಟ್ಟಿಲಿನ) ಮೇಲಿನ ಗಾಜು. ಅದನ್ನು ಹುಡುಕುವ ದಾರಿ ಇದು. ಒಂದು ಭಾನುವಾರ ಚಾಕ್‌ಪೀಸ್ ಹಿಡಿದು, ತಾಸಿಗೊಮ್ಮೆ ಬಿಸಿಲು ನೆಲದ ಮೇಲೆ ಎಲ್ಲಿ ಬಿದ್ದಿದೆಯೋ ಅದರ ಸುತ್ತ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಮಕ್ಕಳಿಗೆ ಕೊಟ್ಟರೆ ಇನ್ನೂ ಒಳ್ಳೆಯದು, ಜಗಳವಾಡಿ ಎಳೆಯುತ್ತಾರೆ. ಸಂಜೆಗೆ ನಿಮ್ಮ ಮನೆಯ ಬೆಳಕಿನ ಟೈಮ್‌ಟೇಬಲ್ ನೆಲದ ಮೇಲೇ ಇರುತ್ತದೆ. ಇದು ವರ್ಷವಿಡೀ ನಡೆಯುವುದಿಲ್ಲ, ನೆನಪಿರಲಿ. ಡಿಸೆಂಬರಿನಲ್ಲಿ ನಟ್ಟನಡು ಹಗಲಿನಲ್ಲೂ ನಮ್ಮ ಸೂರ್ಯ ದಕ್ಷಿಣದ ಕಡೆ 50 ಡಿಗ್ರಿಯಷ್ಟೇ ಎತ್ತರ ಏರುತ್ತಾನೆ, ಹಾಗಾಗಿ ದಕ್ಷಿಣದ ಕಿಟಕಿಯ ಬಿಸಿಲು ಒಳಗೆ ಹಾಸಿಗೆಯವರೆಗೂ ಬರುತ್ತದೆ. ಮೇ ಕೊನೆಯಲ್ಲಿ ಅದೇ ಕಿಟಕಿಗೆ ಮಧ್ಯಾಹ್ನದ ಬಿಸಿಲು ಇಣುಕಿಯೂ ನೋಡುವುದಿಲ್ಲ.

ಜಾಗ ಮತ್ತು ಹೊತ್ತು ಗೊತ್ತಾದ ಮೇಲೆ ಯಾರನ್ನೂ ಕರೆದು ಅಲ್ಲಿ ನಿಲ್ಲಿಸಬೇಡಿ. ತೊಗರಿಬೇಳೆಯ ಮೊರವನ್ನು ಅಲ್ಲಿಟ್ಟು ಸುಮ್ಮನಿರಿ. ಆರಿಸುವವರು ತಾವಾಗಿ ಬಂದು ಕೂರುತ್ತಾರೆ.

ಒಂದೆರಡು ಸಣ್ಣ ಮಾತು. ಕಿಟಕಿಯ ಫೋಟೊ ತೆಗೆಯುವಾಗ ಟ್ಯೂಬ್‌ಲೈಟ್ ಬಂದ್ ಮಾಡಿ, ಇಲ್ಲದಿದ್ದರೆ ಮುಖದ ಅರ್ಧ ಒಂದು ಬಣ್ಣ, ಇನ್ನರ್ಧ ಇನ್ನೊಂದು ಬಣ್ಣ. ಬಿಸಿಲು ಚುಚ್ಚುವಂತಿದ್ದರೆ ಮುತ್ಯಾನ ಹಳೆಯ ಬಿಳಿ ಧೋತರವನ್ನು ಕಿಟಕಿಗೆ ಇಳಿಬಿಡಿ. ಸ್ಟುಡಿಯೊದವರು ಸಾವಿರಾರು ರೂಪಾಯಿ ಕೊಟ್ಟು ತರುವ ಬಿಳಿ ಪರದೆ ಮಾಡುವುದೂ ಅದನ್ನೇ. ಇವತ್ತಿಗೂ ಉಳಿದಿರುವ ಕ್ಯಾಮೆರಾ ಚಿತ್ರಗಳಲ್ಲಿ ತೀರ ಹಳೆಯದು, 1826-27ರ ಸುಮಾರಿಗೆ ಫ್ರಾನ್ಸಿನ ನಿಯೆಪ್ಸ್ ತೆಗೆದದ್ದು, ಅವನ ಮನೆಯ ಕಿಟಕಿಯಿಂದ ಕಂಡ ಮಾಡು ಮತ್ತು ಗೋಡೆ. ತಾಸುಗಟ್ಟಲೆ ಕ್ಯಾಮೆರಾ ತೆರೆದಿಟ್ಟು ಕೂತಿದ್ದನಂತೆ. ನಾನು ಮೂರು ದಿನ ಕಾದದ್ದಕ್ಕೆ ನಗುವವರಿಗೆ ಇದನ್ನು ಹೇಳುತ್ತಿರುತ್ತೇನೆ.

ರೊಟ್ಟಿ ಬಡಿಯುವ ಕೈ ಬರೀ ಮಸುಕಾಗಿ ಬರುತ್ತದಲ್ಲ?

ಬರಲಿ ಬಿಡಿ. ಬಡಿಯುವ ಕೈಯನ್ನು ನಿಲ್ಲಿಸಿ ತೋರಿಸಿದರೆ ಅದು ಹಿಟ್ಟಿನ ಮೇಲೆ ಇಟ್ಟ ಕೈ, ಅಷ್ಟೆ. ಫೋನಿನ ಪ್ರೊ ಮೋಡಿನಲ್ಲಿ (ಎಲ್ಲವನ್ನೂ ನಾವೇ ಹೊಂದಿಸುವ ಮೋಡು) ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತನ್ನು, ಸೆಕೆಂಡಿನ 1/15ಕ್ಕೆ ಇಳಿಸಿ, ಫೋನನ್ನು ಡಬ್ಬಿಗೋ ಗೋಡೆಗೋ ಆನಿಸಿ ಹಿಡಿಯಿರಿ. ಬಡಿಯುವಾಗ ಹೆಂಗಸರ ಮುಖ ಅಲುಗುವುದಿಲ್ಲ, ನೋಡಿದ್ದೀರೋ ಇಲ್ಲವೋ. ಕೈ ಅಷ್ಟು ಜೋರು ತಿರುಗಿದರೂ ಕೊಡ ಹೊತ್ತವರ ಹಾಗೆ ಕುತ್ತಿಗೆಯ ಮೇಲೆ ತಲೆ ಸ್ಥಿರ. ಹಾಗಾಗಿ ಮುಖ ಸ್ಪಷ್ಟ, ಕೈ ಒಂದು ಬಿಳಿ ಸುಳಿ. ಹಿಟ್ಟಿನ ಕಣ ಗಾಳಿಯಲ್ಲಿ ನಿಂತಂತೆ ಬೇಕಿದ್ದರೆ 1/500ಕ್ಕೆ ಏರಿಸಿ, ಆದರೆ ಅದಕ್ಕೆ ನೇರ ಬಿಸಿಲೇ ಬೇಕು.

ಹಬೆ ಮತ್ತು ಹೊಗೆಗೆ ಒಂದೇ ಸೂತ್ರ: ಬೆಳಕು ಹಬೆಯ ಹಿಂದೆ, ಅದರ ಹಿಂದೆ ಕತ್ತಲೆ. ಚಹಾದ ಬಸಿಯನ್ನು ಬಾಗಿಲ ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ತಿಳಿಯುತ್ತದೆ.

ಕ್ರಿಯೇಟಿವ್ ಅಂದರೆ ಫಿಲ್ಟರ್ ಹಾಕುವುದೇ?

ಅಲ್ಲ. ನಾಯಿ ಕಿವಿ, ಹೂವಿನ ಕಿರೀಟ ಹಾಕಿಕೊಂಡು ನಗಬೇಕೆಂದರೆ ನಗಿ, ನಾನೂ ಮಗಳ ಜೊತೆ ಹಾಕಿಕೊಂಡಿದ್ದೇನೆ. ನಾನು ಹೇಳುವುದು ಬೇರೆ: ಏನನ್ನು ಚೌಕಟ್ಟಿನೊಳಗೆ ಬಿಡಬೇಕು, ಏನನ್ನು ಹೊರಗಿಡಬೇಕು ಎಂದು ನೀವೇ ನಿಶ್ಚಯಿಸುವುದು.

ಒಂದು ವಾರ ಮುಖ ತೆಗೆಯುವುದಿಲ್ಲ ಎಂದು ಹಟ ಹಿಡಿಯಿರಿ. ಮೊದಲೆರಡು ದಿನ ಏನೂ ಸಿಗುವುದಿಲ್ಲ. ಮೂರನೆಯ ದಿನ ಕಣ್ಣು ಕೆಳಗಿಳಿಯುತ್ತದೆ. ನನಗೆ ಆಗ ಸಿಕ್ಕಿದ್ದು ನಮ್ಮ ಮಾವನವರ ಚಾಳೀಸು (ಕನ್ನಡಕ). ಪೇಪರಿನ ಮೇಲೆ ಮಡಚದೆ ಇಟ್ಟಿದ್ದರು. ಒಂದು ಕಾಲಿಗೆ ಕರಿ ದಾರ ಸುತ್ತಿದ್ದಾರೆ. ಗಾಜಿನ ಕೆಳಗೆ ಬಂದ ಎರಡು ಸಾಲು ಅಕ್ಷರ ಮಾತ್ರ ದೊಡ್ಡದಾಗಿ ಕಾಣುತ್ತಿದೆ, ಆ ದಿನದ ಗಂಜಿನ (ಮಾರುಕಟ್ಟೆಯ) ತೊಗರಿ ದರ. ಅವರ ಮುಖದ ನೂರು ಫೋಟೊ ನನ್ನಲ್ಲಿವೆ. ಅವರು ಹೇಗಿದ್ದಾರೆ ಎಂದು ಪುಣೆಯಲ್ಲಿರುವ ನಾದಿನಿ ಕೇಳಿದರೆ ನಾನು ಕಳಿಸುವುದು ಇದನ್ನು.

ಕ್ಯಾಮೆರಾ ಎತ್ತಿದ ಕೂಡಲೇ ಎಲ್ಲರೂ ಸೆಟೆದು ನಿಲ್ಲುತ್ತಾರೆ. ಏನು ಮಾಡಲಿ?

ಅದು ಅವರ ತಪ್ಪಲ್ಲ, ಹಳೆಯ ಸಂಸ್ಕಾರ. ಮೊದಲ ಕಾಲದ ಕ್ಯಾಮೆರಾಗಳ ಮುಂದೆ ಅಲುಗಿದರೆ ಮುಖ ಅಳಿಸಿಹೋಗುತ್ತಿತ್ತು, ಉಸಿರು ಹಿಡಿದು ಕೂರಲೇಬೇಕಿತ್ತು. ಮೇಲಾಗಿ ನಮ್ಮದು 1948ರವರೆಗೆ ನಿಜಾಮರ ಸೀಮೆ. ಆರನೆಯ ನಿಜಾಮನ ಆಸ್ಥಾನದ ಫೋಟೊಗ್ರಾಫರ್ ಆಗಿದ್ದ ರಾಜಾ ದೀನ್ ದಯಾಳ್ ಅವರ ಚಿತ್ರಗಳನ್ನು ನೋಡಿ. ನವಾಬರು, ಜಹಗೀರದಾರರು ಎಲ್ಲರೂ ಶೇರ್ವಾನಿಯ ಗುಂಡಿ ಹಾಕಿ, ಕೈ ಕತ್ತಿಯ ಮೇಲಿಟ್ಟು, ಕೆತ್ತಿದ ಕಲ್ಲಿನ ಹಾಗೆ. ಆ ಗತ್ತು ಅರಮನೆಯಿಂದ ಪೇಟೆಯ ಸ್ಟುಡಿಯೊಕ್ಕೆ, ಸ್ಟುಡಿಯೊದಿಂದ ನಮ್ಮ ಪಡಸಾಲೆಯ ಗೋಡೆಗೆ ಇಳಿದು ಬಂತು. ನಮ್ಮ ಹಿರಿಯರಿಗೆ ಫೋಟೊ ಎಂದರೆ ಕುರ್ಚಿ, ಹೂದಾನಿ, ಹಿಂದೆ ಬಣ್ಣ ಬಳಿದ ಸರೋವರದ ಪರದೆ.

ಅವರೊಡನೆ ವಾದಿಸಬೇಡಿ. ಸೆಟೆದು ನಿಂತ ಫೋಟೊ ಒಂದನ್ನು ಮರ್ಯಾದೆಯಿಂದ ತೆಗೆಯಿರಿ, “ಆಯ್ತ್ರಿ, ಭಾಳ ಛಲೋ ಬಂದದ” ಎನ್ನಿ, ಆದರೆ ಫೋನ್ ಇಳಿಸಬೇಡಿ. ಮುಂದಿನ ಮೂರು ಸೆಕೆಂಡಿನಲ್ಲಿ ಭುಜ ಇಳಿಯುತ್ತದೆ, ಸೆರಗು ಸರಿಮಾಡಿಕೊಳ್ಳುತ್ತಾರೆ, ಒಬ್ಬರು ಇನ್ನೊಬ್ಬರಿಗೆ ಏನೋ ಅನ್ನುತ್ತಾರೆ, ನಗು ಬರುತ್ತದೆ. ನಿಮಗೆ ಬೇಕಾದ ಫೋಟೊ ಅಲ್ಲಿದೆ. ನಮ್ಮ ಅತ್ತೆಯ ಮೇಲೆ ಎಂಟು ವರ್ಷದಿಂದ ಈ ಉಪಾಯ ನಡೆಸುತ್ತಿದ್ದೇನೆ. ಈಗೀಗ ಅವರಿಗೂ ಗೊತ್ತಾಗಿದೆ. “ಇನ್ನೊಂದು ಕಳ್ಳ ಫೋಟೊ ತೆಗಿತಿ ಅಲ್ಲೇನ್, ತಗಿ, ತಗಿ” ಎಂದು ನಗುತ್ತಾರೆ. ಆ ನಗುವೂ ಸಿಕ್ಕಿದೆ.

ಇನ್ನೊಂದು: ಕೈಗೆ ಕೆಲಸ ಕೊಡಿ. ಬೆಳ್ಳುಳ್ಳಿ ಸುಲಿಯುವವರಿಗೆ ಕ್ಯಾಮೆರಾ ಮರೆತುಹೋಗುತ್ತದೆ.

ಮಕ್ಕಳು ಒಂದು ಕಡೆ ನಿಲ್ಲುವುದೇ ಇಲ್ಲ.

ನೀವು ಕೂತುಬಿಡಿ, ಮೊದಲು. ನಿಂತು ತೆಗೆದ ಮಕ್ಕಳ ಫೋಟೊದಲ್ಲಿ ಕಾಣುವುದು ಬೈತಲೆ ಮತ್ತು ನೆಲ. ಅವರ ಕಣ್ಣಿನ ಎತ್ತರಕ್ಕೆ ಇಳಿದರೆ ಹಿಂದೆ ನೆಲದ ಬದಲು ಅಂಗಳ, ಎಮ್ಮೆ, ಓಣಿ ಬರುತ್ತದೆ.

ಓಡುವ ಮಗುವಿನ ಹಿಂದೆ ಓಡಬೇಡಿ. ಅದು ಮತ್ತೆ ಮತ್ತೆ ಹಾಯುವ ಜಾಗವೊಂದು ಇರುತ್ತದೆ, ನಮ್ಮ ಮನೆಯಲ್ಲಿ ಕೂಲರಿನ ಮುಂದಿನ ಎರಡು ಪರ್ಸಿ. ಅಲ್ಲಿ ಬೆರಳೊತ್ತಿ ಫೋಕಸ್ ಹಿಡಿದು ಕಾಯಿರಿ. ಪಂಚಮಿಯ ಜೋಕಾಲಿ ಇದಕ್ಕೆ ಒಳ್ಳೆಯ ಪಾಠಶಾಲೆ. ಜೋಕಾಲಿ ಕೆಳಗೆ ಬರುವಾಗ ಎಲ್ಲಕ್ಕಿಂತ ಜೋರು, ತುತ್ತತುದಿಯಲ್ಲಿ ತಿರುಗುವ ಮುನ್ನ ಒಂದು ಚಣ ನಿಂತೇ ನಿಲ್ಲುತ್ತದೆ. ಜಡೆ ಮಾತ್ರ ಇನ್ನೂ ಮೇಲಕ್ಕೆ ಹೋಗುತ್ತಿರುತ್ತದೆ. ಅಲ್ಲಿ ಒತ್ತಿದರೆ ಅಗ್ಗದ ಫೋನಿನಲ್ಲೂ ಮುಖ ಸ್ಪಷ್ಟ ಬರುತ್ತದೆ.

ನಮ್ಮ ಬೇಸಿಗೆ ಬಿಸಿಲಿನಲ್ಲಿ ಹೊರಗೆ ಹೋಗುವ ಹಾಗೇ ಇಲ್ಲ. ಆಗ?

42, 43 ಡಿಗ್ರಿ ಬಿಸಿಲಿನಲ್ಲಿ ಫೋನೇ “ಬಿಸಿಯಾಗಿದೆ” ಎಂದು ಕ್ಯಾಮೆರಾ ಬಂದ್ ಮಾಡಿಕೊಳ್ಳುತ್ತದೆ, ಮನುಷ್ಯರ ಮಾತು ಬೇರೆ. ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲು ನೆತ್ತಿಯಿಂದ ಇಳಿದು ಕಣ್ಣಿನ ಗುಳಿಗಳನ್ನು ಕಪ್ಪು ಮಾಡುತ್ತದೆ. ಬೇವಿನ ಮರದ ನೆರಳಿನಲ್ಲಿ, ಎದುರಿಗೆ ಸುಣ್ಣದ ಗೋಡೆ ಇರುವ ಕಡೆ ಕೂರಿಸಿದರೆ ಆ ಗೋಡೆಯೇ ಮುಖಕ್ಕೆ ತಂಪು ಬೆಳಕು ಎಸೆಯುತ್ತದೆ.

ಆದರೆ ಒಂದು ದಿನ ಮಾತ್ರ ಮಧ್ಯಾಹ್ನವೇ ಹೊರಗೆ ಬನ್ನಿ. ಕಲಬುರಗಿ ಇರುವುದು 17 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ: ಮೇ 9ರ ಆಸುಪಾಸು ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಆಗಸ್ಟಿನದನ್ನು ಮೋಡ ತಿನ್ನುತ್ತದೆ, ಮೇ ತಿಂಗಳದ್ದು ನಮ್ಮದು. ಹನ್ನೆರಡೂ ಇಪ್ಪತ್ತರ ಹೊತ್ತಿಗೆ ಮಾಳಿಗೆಯ ಮೇಲೆ ನೆಟ್ಟಗೆ ನಿಂತ ಕೊಡಪಾನ, ನೀರಿನ ಬಾಟಲಿ, ಪೈಪು ಯಾವುದಕ್ಕೂ ನೆರಳೇ ಇರುವುದಿಲ್ಲ. ಮಗಳನ್ನು ಕುಣಿಯಲು ಬಿಟ್ಟು ಮೇಲಿನಿಂದ ತೆಗೆದೆ. ಅವಳು ನೆಗೆದಾಗ ನೆರಳು ಕಾಲ ಕೆಳಗೆ ಒಂದು ಚಪ್ಪಲಿಯಷ್ಟು ಬಿತ್ತು. ಐದು ನಿಮಿಷದ ಕೆಲಸ, ತಲೆಗೆ ಒದ್ದೆ ಟವೆಲ್ ಇರಲಿ.

ಉಳಿದಂತೆ ಬೇಸಿಗೆಯ ಫೋಟೊ ರಾತ್ರಿಯದು. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಆಕಾಶ ನೀಲಿಯಾಗಿರುತ್ತದೆ, ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತಿರುತ್ತಾರೆ, ಕಲ್ಲು ಇನ್ನೂ ಸುಡುತ್ತಿದೆ ಎಂದು ನೀರು ಹೊಡೆಯುತ್ತಿರುತ್ತಾರೆ. ಕರೆಂಟ್ ಹೋದರೆ ಬೈಯಬೇಡಿ. ಇನ್ನೊಂದು ಫೋನಿನ ಟಾರ್ಚ್ ಹಚ್ಚಿ, ಅದರ ಮೇಲೆ ನೀರು ತುಂಬಿದ ಬಾಟಲಿ ಇಡಿ. ನೀರಿಗೆ ಎರಡು ಹನಿ ಹಾಲು ಬೆರೆಸಿದರೆ ಇಡೀ ಬಾಟಲಿ ಕಂದೀಲಿನ ಹಾಗೆ ಬೆಳಗುತ್ತದೆ. ಸುತ್ತ ಕೂತು ಹುಣಸೆಬೀಜ ಆಡುವವರ ಮುಖಕ್ಕೆ ಅಷ್ಟು ಬೆಳಕು ಸಾಕು.

ಎಳ್ಳ ಅಮಾಸಿ, ಜಾತ್ರೆ ಇವುಗಳನ್ನು ತೆಗೆಯಬಾರದೇ?

ಧಾರಾಳ ತೆಗೆಯಿರಿ. ಆದರೆ ಹೊಲದಲ್ಲಿ ಎಲ್ಲರೂ ಸಾಲಾಗಿ ಕೂತು ಭಜ್ಜಿ, ಕಡುಬು ಉಣ್ಣುವ ಫೋಟೊ ಪ್ರತಿ ಮನೆಯಲ್ಲೂ ಇದೆ. ಹಿಂದಿನ ರಾತ್ರಿ ಅಡುಗೆ ಮನೆಯಲ್ಲಿ ನಾಲ್ಕು ಹೆಂಗಸರು ನಿದ್ದೆಗಣ್ಣಿನಲ್ಲಿ ಸಜ್ಜಿ ರೊಟ್ಟಿ ಜೋಡಿಸುವುದು, ಬುತ್ತಿ ಕಟ್ಟುವಾಗ ಗಂಟು ಬಿಗಿಯಲು ಹಲ್ಲಿನಲ್ಲಿ ಹಿಡಿದ ಬಟ್ಟೆಯ ತುದಿ, ಇವು ಯಾರ ಮನೆಯಲ್ಲೂ ಇಲ್ಲ. ಚರಗ ಚೆಲ್ಲುವಾಗ (ಹೊಲದ ತುಂಬ ನೈವೇದ್ಯ ಎರಚುವಾಗ) ಮುಂದೆ ಹೋಗಿ ಅಡ್ಡ ನಿಲ್ಲಬೇಡಿ. ಹಿಂದೆ ನಡೆಯಿರಿ, ಬಿಳಿಜೋಳದ ನಡುವೆ ತೂರಿಹೋಗುವ ಬೆನ್ನು ತೆಗೆಯಿರಿ.

ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ಫೋಟೊ ತೆಗೆಯುವ ಕೈ ಸಾವಿರಾರು. ನೀವು ತೇರಿಗೆ ಬೆನ್ನು ಮಾಡಿ ನಿಂತು, ಅಪ್ಪನ ಹೆಗಲೇರಿ ಉತ್ತತ್ತಿ ಎಸೆಯಲು ಕೈ ಎತ್ತಿದ ನಿಮ್ಮ ಮಗನನ್ನು ತೆಗೆಯಿರಿ.

ರಜೆಯಲ್ಲಿ ಎಲ್ಲಿಗೆ ಹೋದರೆ ಛಲೋ ಫೋಟೊ ಬರುತ್ತವೆ?

ಊರಲ್ಲೇ ಕೋಟೆಯೊಳಗಿನ ಜಾಮಿ ಮಸೀದಿ. 1367ರದು, ಬಹಮನಿಗಳದು. ಅಂಗಳವನ್ನೂ ಮುಚ್ಚಿ ಮೇಲೆ ಗುಮ್ಮಟ ಕಟ್ಟಿರುವುದರಿಂದ ಒಳಗೆ ಕಮಾನಿನ ಹಿಂದೆ ಕಮಾನು, ಬೆಳಕು ಹೆಚ್ಚಾಗಿ ಬದಿಗಳಿಂದ. ಸಂಜೆ ಅಪ್ಪನ ಕೆರೆ. ಬೀದರಿಗೆ ಹೋದರೆ 1472ರ ಮಹಮೂದ್ ಗವಾನ್ ಮದರಸಾದ ಮುಂದೆ, ಉಳಿದಿರುವ ನೀಲಿ ಹೆಂಚುಗಳ ಗೋಡೆಯ ಹತ್ತಿರ. ಯಾದಗಿರಿಯ ಕೋಟೆ ಗುಡ್ಡ ಹತ್ತುವುದಾದರೆ ಬೆಳಗ್ಗೆ ಬೇಗ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಹಚ್ಚುವಂತಿಲ್ಲ.

ಎಲ್ಲೇ ಹೋದರೂ ಸ್ಮಾರಕದ ಮುಂದೆ ಮನೆಮಂದಿಯನ್ನು ಸಾಲು ನಿಲ್ಲಿಸಬೇಡಿ. ಮಗು ತಾನಾಗಿ ಕಂಬಗಳ ನಡುವೆ ಓಡಿಹೋಗಿ ಇರುವೆಯಷ್ಟಾಗುವವರೆಗೆ ಬಿಡಿ.

ಮನೆಯ ಸಾವಿರ ಫೋಟೊಗಳಲ್ಲಿ ನಾನೇ ಇಲ್ಲ!

ಇದನ್ನು ಕೇಳುವವರು ಯಾವಾಗಲೂ ತಾಯಂದಿರು. ನನ್ನದೂ ಅದೇ ಕಥೆ. ಮಗ ಹುಟ್ಟಿದ ಮೊದಲ ವರ್ಷದಲ್ಲಿ ನಾನು ಇರುವ ಫೋಟೊ ನಾಲ್ಕು, ಅವುಗಳಲ್ಲಿ ಎರಡರಲ್ಲಿ ಕೈ ಮಾತ್ರ. ಯಜಮಾನರಿಗೆ ಜಗಳವಾಡಿ ಹೇಳಿದೆ. ಅಂದಿನಿಂದ ಅವರು ಶ್ರದ್ಧೆಯಿಂದ ತೆಗೆಯುತ್ತಾರೆ, ತಲೆ ಕತ್ತರಿಸಿ.

ತಾನೂ ಚಿತ್ರದಲ್ಲಿರಬೇಕು ಎಂಬುದಕ್ಕೆ ನಾಚಿಕೆ ಬೇಕಿಲ್ಲ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ದಶಕಗಳ ಕಾಲ ಹೆಂಡತಿ ಮಕ್ಕಳ ಫೋಟೊ ತೆಗೆದವರು, ಅಷ್ಟೇ ಆಸ್ಥೆಯಿಂದ ತಮ್ಮದನ್ನೂ ತೆಗೆದುಕೊಂಡವರು. ನಮಗಂತೂ ಹತ್ತು ಸೆಕೆಂಡಿನ ಟೈಮರ್ ಇದೆ. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಒತ್ತಿ, ಮಗಳ ತಲೆ ಬಾಚಲು ಹೋಗಿ ಕೂತುಬಿಡಿ, ಅದರ ಕಡೆ ನೋಡಬೇಡಿ. ತಿಜೋರಿಯ ಕನ್ನಡಿ ಇದೆ. ಎಲ್ಲಕ್ಕಿಂತ, ಮಗುವಿನ ಕೈಗೆ ಫೋನ್ ಕೊಡಿ. ನನ್ನ ಮಗ ನಾಲ್ಕನೆಯ ವರ್ಷಕ್ಕೆ ತೆಗೆದ ಒಂದು ಫೋಟೊದಲ್ಲಿ ನಾನು ಆಕಾಶದಷ್ಟೆತ್ತರ ಇದ್ದೇನೆ, ಸೀರೆಯ ನಿರಿಗೆಯೇ ಅರ್ಧ ಚಿತ್ರ, ಮೇಲೆಲ್ಲೋ ನನ್ನ ಗದ್ದ, ಕೈಯಲ್ಲಿ ಸೌಟು. ಮೂರಡಿ ಎತ್ತರದಿಂದ ಅವ್ವ ಹೀಗೇ ಕಾಣುತ್ತಾಳೇನೋ.

ಯಾರಾದರೂ ಬ್ಯಾಡ ಅಂದರೆ?

ತೆಗೆಯಬೇಡಿ. ತೆಗೆದದ್ದನ್ನು ಅವರೆದುರಿಗೇ ಅಳಿಸಿ. ನಮ್ಮ ವೈನಿ ಒಮ್ಮೆ, ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದ ಫೋಟೊ ಅಳಿಸೆಂದರು. ನಾನು ತೆಗೆದ ಒಳ್ಳೆಯ ಹತ್ತರಲ್ಲಿ ಅದೊಂದು. ಅಳಿಸಿದೆ. ಆ ಮೇಲೆ ಅವರು ನನ್ನೆದುರಿಗೆ ತಲೆ ಬಿಚ್ಚಿ ಕೂರಲು ಹೆದರಿಲ್ಲ. ಸ್ನಾನ ಮಾಡುವ ಮಕ್ಕಳ ಫೋಟೊ ಯಾರಿಗೂ ಕಳಿಸಬೇಡಿ, ಸ್ಟೇಟಸ್ಸಿಗಂತೂ ಬೇಡವೇ ಬೇಡ. ಶಾಲೆಯ ಹೆಸರು ಕಾಣುವ ಯೂನಿಫಾರ್ಮ್ ಕೂಡ. ಹತ್ತು ದಾಟಿದ ಮಕ್ಕಳನ್ನು ಕೇಳಿಯೇ ಹಾಕಿ.

ದೀನ್ ದಯಾಳ್ ಅವರ ಮಾತು ಮೇಲೆ ಬಂತಲ್ಲ, ಅವರು 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗೆಂದೇ ಬೇರೆ ಸ್ಟುಡಿಯೊ ತೆರೆದು, ಅದನ್ನು ಹೆಂಗಸಿನ ಕೈಗೇ ಕೊಟ್ಟಿದ್ದರು. ಯಾರ ಮುಂದೆ ಕೂರಬೇಕೆಂದು ಕೂರುವವರೇ ನಿಶ್ಚಯಿಸಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು.

ಎಡಿಟಿಂಗ್ ಎಷ್ಟು ಮಾಡಬಹುದು?

ಓರೆಯಾದದ್ದನ್ನು ನೆಟ್ಟಗೆ ಮಾಡಿ, ಅಂಚಿನಲ್ಲಿ ಬಂದ ಪ್ಲಾಸ್ಟಿಕ್ ಬಕೀಟು ಕತ್ತರಿಸಿ, ಮುಗಿಯಿತು. ಮೈಬಣ್ಣ ಬೆಳ್ಳಗೆ ಮಾಡುವ ಬಟನ್ ಮಾತ್ರ ಮುಟ್ಟಬೇಡಿ, ನನಗೆ ಅದರ ಮೇಲೆ ಖರೇನೇ ಸಿಟ್ಟಿದೆ. ಬಹಳ ಸಲ ತಪ್ಪು ಮೈಬಣ್ಣದ್ದಲ್ಲ, ಗೋಡೆಯದು. ಬಿಳಿ ಗೋಡೆಯ ಮುಂದೆ ನಿಲ್ಲಿಸಿದರೆ ಫೋನು ಬೆಳಕು ಹೆಚ್ಚಾಯಿತೆಂದು ತಿಳಿದು ಇಡೀ ಚಿತ್ರವನ್ನು ಕಪ್ಪು ಮಾಡುತ್ತದೆ, ಮುಖ ಅದರಲ್ಲಿ ಮುಳುಗುತ್ತದೆ. ಮುಖದ ಮೇಲೆ ಬೆರಳೊತ್ತಿ, ಬದಿಗೆ ಬರುವ ಸೂರ್ಯನ ಗುರುತನ್ನು ಚೂರು ಮೇಲೆ ಸರಿಸಿದರೆ ಸಾಕು. ಅಥವಾ ಬಣ್ಣ ಹೋದ ಹಸಿರು ಬಾಗಿಲ ಮುಂದೆ ನಿಲ್ಲಿಸಿ.

ಫೋನಿನಲ್ಲಿ ಎಂಟು ಸಾವಿರ ಫೋಟೊ ಇವೆ. ಏನು ಮಾಡುವುದು?

ಒಂದು ನಷ್ಟದ ಕಥೆ ಹೇಳುತ್ತೇನೆ. ನನ್ನ ಹಿಂದಿನ ಫೋನಿನ ಸ್ಕ್ರೀನ್ ಒಡೆದಾಗ ರಿಪೇರಿಗೆ ಕೊಟ್ಟೆ. ಅಂಗಡಿಯ ಹುಡುಗ ಸ್ಕ್ರೀನ್ ಹಾಕಿ, “ಸ್ಲೋ ಇತ್ರಿ ಮೇಡಂ, ರೀಸೆಟ್ ಮಾಡೀನಿ, ಅದಕ್ಕ ರೊಕ್ಕ ಬ್ಯಾಡ” ಎಂದ. ಹದಿನಾಲ್ಕು ತಿಂಗಳ ಫೋಟೊ ಎಲ್ಲಾ ಹೋದವು. ಬೆಳಕಿಂಡಿಯ ಕೆಳಗಿನ ಆಯಿಯ ಫೋಟೊ ಇವತ್ತು ನನ್ನಲ್ಲಿರುವುದು ವಾಟ್ಸಾಪಿನಲ್ಲಿ ತಮ್ಮನಿಗೆ ಕಳಿಸಿದ್ದೆನೆಂಬ ಕಾರಣಕ್ಕೆ. ಅದು ಕುಗ್ಗಿ ಹೋದ ಪ್ರತಿ, ಹಿಟ್ಟಿನ ಕಣಗಳು ಕಲೆಸಿ ಮೋಡದ ಹಾಗಾಗಿವೆ. ಹಾಗಾಗಿ: ತಿಂಗಳ ಕೊನೆಗೆ ಒಂದು ಪೆನ್‌ಡ್ರೈವಿಗೋ ಹಾರ್ಡ್‌ಡಿಸ್ಕಿಗೋ ಹಾಕಿ, ಆನ್‌ಲೈನಿನಲ್ಲೂ ಒಂದು ಪ್ರತಿ ಇರಲಿ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿದರೆ ಕುಗ್ಗುವುದಿಲ್ಲ.

ಮತ್ತು ಅಳಿಸಿ. ನಾನು ಭಾನುವಾರ ಮಧ್ಯಾಹ್ನ ಉಂಡು ಮಲಗಿದಲ್ಲೇ ಅಳಿಸುತ್ತೇನೆ, ತಿಂಗಳಿಗೆ ಹನ್ನೆರಡು ಉಳಿಸಿಕೊಳ್ಳುತ್ತೇನೆ. ಆ ಹನ್ನೆರಡರಲ್ಲಿ ಎರಡನ್ನು ಪ್ರಿಂಟ್ ಹಾಕಿಸುತ್ತೇನೆ. ಮಾಮೂಲಿ 4 ಇಂಚು 6 ಇಂಚಿನ ಪ್ರಿಂಟಿಗೆ 1200ಕ್ಕೆ 1800 ಪಿಕ್ಸೆಲ್ ಸಾಕು, ಹತ್ತು ವರ್ಷ ಹಳೆಯ ಫೋನೂ ಅಷ್ಟು ಕೊಡುತ್ತದೆ. ಅಂಟು ಹಾಳೆಯ ಆಲ್ಬಮ್ ಬೇಡ, ವರ್ಷ ಕಳೆದಂತೆ ಹಳದಿಯಾಗಿ ಫೋಟೊ ಕಿತ್ತು ಬರುವುದಿಲ್ಲ; ಮೂಲೆ ಸಿಕ್ಕಿಸುವ ಹಳೆಯ ಮಾದರಿಯದೇ ಒಳ್ಳೆಯದು.

ಮನೆಯ ಹಳೆಯ ಫೋಟೊಗಳನ್ನು ಫೋನಿಗೆ ಇಳಿಸಿಕೊಳ್ಳುವುದು ಹೇಗೆ?

ಚೌಕಟ್ಟಿನಿಂದ ಹೊರಗೆ ತೆಗೆಯಲು ಬರುವಂತಿದ್ದರೆ ತೆಗೆದು, ಬಾಗಿಲ ಹತ್ತಿರದ ನೆರಳಿನಲ್ಲಿ ನೆಲದ ಮೇಲಿಡಿ. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಗಾಜಿನ ಸಮೇತವೇ ತೆಗೆಯಿರಿ. ಫ್ಲ್ಯಾಶ್ ಬೇಡ. ಫೋನು ಫೋಟೊಕ್ಕೆ ಸಮಾನಾಂತರವಾಗಿ ಸರಿಯಾಗಿ ಮೇಲಿರಲಿ. ಗಾಜಿನಲ್ಲಿ ನಿಮ್ಮದೇ ಮುಖ ಕಾಣುತ್ತಿದ್ದರೆ ಕಪ್ಪು ಬಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ ಅದರ ಹಿಂದೆ ಫೋನು ಹಿಡಿಯಿರಿ. ಹಿಂಬದಿಯನ್ನೂ ಒಂದು ತೆಗೆಯಿರಿ, ಸ್ಟುಡಿಯೊದ ಮುದ್ರೆ ಇರಬಹುದು.

ಈ ಕೆಲಸವನ್ನು ಹಿರಿಯರ ಪಕ್ಕ ಕೂತು ಮಾಡಿ, ಇನ್ನೊಂದು ಫೋನಿನಲ್ಲಿ ಅವರ ಮಾತು ರೆಕಾರ್ಡ್ ಆಗುತ್ತಿರಲಿ. ಆಯಿಯ ಟ್ರಂಕಿನಲ್ಲಿದ್ದ ಒಂದು ಫೋಟೊದಲ್ಲಿ ಏಳೆಂಟು ಮಂದಿ, ಮುಂದೆ ನೆಲದ ಮೇಲೆ ಕೂತ ಒಬ್ಬ ಹುಡುಗಿ, ಅವಳೊಬ್ಬಳೇ ಅಲುಗಿ ಮಸುಕಾಗಿದ್ದಾಳೆ. ಯಾರೆಂದು ಕೇಳಿದೆ. ಆಯಿ ಬೆಳಗ್ಗೆ ಒಂದು ಹೆಸರು ಹೇಳಿದಳು, ಊಟದ ಹೊತ್ತಿಗೆ ಇನ್ನೊಂದು, ರಾತ್ರಿ ಮಲಗುವಾಗ, “ನಾನೇ ಇರಬೇಕು ತಗಿ” ಎಂದಳು. ಮೂರನ್ನೂ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.